ಕೆಡವಿದ ಮನೆಯ ಕಲ್ಲುಹಂಚುಗಳೂ ಅಂಗಳದ ತೋಟವೂ



ಪಾಂಡಿತ್ಯಪೂರ್ಣವಾದ ವಿಷಯಗಳಿಗೆ ಮೀಸಲಾದುದೆಂದು ಸಾಮಾನ್ಯವಾಗಿ ಭಾವಿಸಲ್ಪಟ್ಟಿರುವ ದತ್ತಿ ಉಪನ್ಯಾಸದ ವೇದಿಕೆಯಲ್ಲಿ ನಿಂತು, ಒಡೆದ ಹಂಚು, ಕಳಚಿದ ಮುರಕಲ್ಲು, ಗಾಳಿಗೆ ಬಿದ್ದ ಅಡಿಕೆಮರ, ಹಿತ್ತಿಲಿನಲ್ಲಿ ಕವುಚಿ ಬಿದ್ದಿರುವ ಒರಳು ಮೊದಲಾದವುಗಳ ವಿಷಯವಾಗಿ ಮಾತನಾಡುವುದಕ್ಕೆ ಅವಕಾಶವಿತ್ತ ಈ ಸಂಸ್ಥೆಯ ಆಡಳಿತವರ್ಗಕ್ಕೆ ನಾನು ಋಣಿಯಾಗಿದ್ದೇನೆ. ವಿಷಯವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವನ್ನು ಅವರು ನನಗೇ ಬಿಟ್ಟುಕೊಟ್ಟಾಗ, ಮಂಡೆಕೋಲಿನಂತಹ ಊರಿನಲ್ಲಿ, ಅಡಿಕೆ, ತೆಂಗು, ಕಾಳುಮೆಣಸು, ರಬ್ಬರುಗಳ ನಡುವೆ ಬದುಕನ್ನು ಕಟ್ಟಿಕೊಂಡವರ ಮುಂದೆ ಮಾತನಾಡುವವನು ಅವರ ಅಂಗಳಕ್ಕೆ ನೇರವಾಗಿ ಸಲ್ಲುವ ವಿಷಯವನ್ನೇ ಎತ್ತಿಕೊಳ್ಳುವುದು ಯುಕ್ತವೆಂದು ನನಗೆ ತೋರಿತು. ಮನೆಯ ಸುತ್ತಣ ತೋಟವನ್ನು, ಅದರ ದಾರಿ, ಪಾಗಾರ, ಪಾತಿ, ಕಣಿಗಳನ್ನು ರೂಪಿಸುವಲ್ಲಿ ಒಮ್ಮೆ ಬಳಸಿ ಬಿಟ್ಟ ವಸ್ತುಗಳನ್ನು ಮರಳಿ ಬಳಸುವ ಬಗೆ ಯಾವುದು, ಯಾವ ವಸ್ತು ಅದಕ್ಕೆ ಒದಗುತ್ತದೆ, ಯಾವುದು ಒದಗದು ಎಂಬುದೇ ಈ ದಿನದ ಉಪನ್ಯಾಸದ ವಸ್ತು.

ಮೊದಲು ಈ ಸೀಮೆಯ ಮನೆತೋಟಗಳಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿಯನ್ನು ಸ್ಮರಿಸಿ, ತರುವಾಯ ಇಂದು ನಮ್ಮ ಊರುಗಳಲ್ಲಿ ರಾಶಿರಾಶಿಯಾಗಿ ದೊರೆಯುತ್ತಿರುವ ಹಂಚು ಮತ್ತು ಮುರಕಲ್ಲುಗಳನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಿ, ಆಮೇಲೆ ತೋಟದೊಳಕ್ಕೆ ತರಬಾರದ ವಸ್ತುಗಳ ವಿಚಾರವನ್ನು ಎತ್ತಿಕೊಂಡು, ಕಡೆಯಲ್ಲಿ ಈ ಕಾರ್ಯದಿಂದ ಹೆಸರಾದ ಕೆಲವರ ಉದಾಹರಣೆಗಳನ್ನೂ ನಮ್ಮ ಶಾಲೆಗಳಲ್ಲಿ ಮಾಡಬಹುದಾದ ಒಂದು ಕೆಲಸವನ್ನೂ ನಿಮ್ಮ ಮುಂದಿಡಬೇಕೆಂದಿದ್ದೇನೆ.

ವಿಷಯಪ್ರವೇಶಕ್ಕೆ ಮುನ್ನ ನನ್ನ ಅಭಿಪ್ರಾಯದ ತಿರುಳನ್ನು ಹೇಳಿಬಿಡುವುದು ಲೇಸು. ಹಳೆಯ ವಸ್ತುಗಳಿಂದ ತೋಟವನ್ನು ಅಲಂಕರಿಸುವ ಕುರಿತು ಇಂದು ಪ್ರಕಟವಾಗುವ ಬರೆಹಗಳಲ್ಲಿ ಬಹುಭಾಗ ಕಣ್ಣಿಗೆ ಚೆಂದ ಕಾಣುವುದನ್ನೇ ಗುರಿಯಾಗಿಟ್ಟುಕೊಂಡಿದೆ. ಆದರೆ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳುಗಳಲ್ಲಿ ಬಿದ್ದು ಹರಿದುಹೋಗುವ, ಮಾರ್ಚಿ ಏಪ್ರಿಲುಗಳಲ್ಲಿ ಬಾವಿಯ ತಳವನ್ನು ನೋಡಬೇಕಾಗುವ ನಮ್ಮ ನಾಡಿನಲ್ಲಿ ಅಂಗಳದ ಮೊದಲ ಪ್ರಶ್ನೆ ನೀರಿನದು. ಸಾವಿರ ಚದರಡಿಯ ಒಂದು ಮಾಡಿನ ಮೇಲೆ ಇಷ್ಟು ಮಳೆ ಬಿದ್ದರೆ ವರ್ಷಕ್ಕೆ ಸುಮಾರು 3,25,000 ಲೀಟರು ನೀರು ಅಂಗಳಕ್ಕೆ ಇಳಿಯುತ್ತದೆಂದು ಯಾರು ಬೇಕಾದರೂ ಲೆಕ್ಕಹಾಕಿ ನೋಡಬಹುದು. ಆ ನೀರು ಮಣ್ಣನ್ನು ಕೊಚ್ಚಿಕೊಂಡು ತೋಡಿಗೂ ತೋಡಿನಿಂದ ಪಯಸ್ವಿನಿಗೂ ಹೋಗುವುದೋ, ಅಥವಾ ತನ್ನ ರಭಸವನ್ನು ಕಳೆದುಕೊಂಡು ನೆಲದೊಳಕ್ಕೆ ಇಂಗುವುದೋ ಎಂಬುದು ಅಂಗಳದಲ್ಲಿ ನಾವು ಏನನ್ನು ಹಾಸಿದ್ದೇವೆ, ಏನನ್ನು ಕಟ್ಟಿದ್ದೇವೆ ಎಂಬುದರ ಮೇಲೆ ನಿಂತಿದೆ. ಆದುದರಿಂದ ಹಳೆಯ ಕಲ್ಲನ್ನಾಗಲಿ ಹಂಚನ್ನಾಗಲಿ ತೋಟಕ್ಕೆ ತರುವಾಗ, ಇದರಿಂದ ಮಳೆಗಾಲದಲ್ಲಿ ನೀರಿಗೆ ಯಾವ ಉಪಕಾರವಾದೀತು ಎಂದು ಮೊದಲು ಕೇಳಿಕೊಳ್ಳಬೇಕು, ಅಂದಚೆಂದದ ಮಾತು ಅನಂತರದ್ದು ಎಂಬುದು ನನ್ನ ವಾದ.

ಇನ್ನು ಮೊದಲನೆಯ ಭಾಗಕ್ಕೆ ಬರೋಣ. ಪುನರುಪಯೋಗವೆಂಬುದು ಈಚಿನ ಕಾಲದ ಘೋಷಣೆಯಾಗಿ ಕೇಳಿಬರುತ್ತಿದ್ದರೂ, ಪುತ್ತೂರು ಸುಳ್ಯ ಸೀಮೆಯ ಕೃಷಿಕನ ಮನೆಯಲ್ಲಿ ಅದಕ್ಕೆ ಹೆಸರೂ ಇರಲಿಲ್ಲ, ಹೆಸರಿಡುವ ಅಗತ್ಯವೂ ಇರಲಿಲ್ಲ. ಮನೆಗಳಿಗೆ ಮುಳಿಹುಲ್ಲಿನ ಮಾಡು ಇದ್ದ ಕಾಲದಲ್ಲಿ, ಹೊಸ ಮುಳಿ ಹೊದಿಸುವಾಗ ಇಳಿಸಿದ ಹಳೆಯ ಮುಳಿ ಹಟ್ಟಿಗೆ ಹೋಗಿ, ದನಗಳ ಕಾಲಡಿಯಲ್ಲಿ ತುಳಿದು ಗೊಬ್ಬರವಾಗಿ, ಅಡಿಕೆಮರದ ಬುಡವನ್ನು ಸೇರುತ್ತಿತ್ತು. ತೋಟದಲ್ಲಿ ಬಿದ್ದ ಸೋಗೆ, ಗುಡ್ಡೆಯಿಂದ ಗುಡಿಸಿ ತಂದ ತರಗೆಲೆ, ಸುಲಿದ ಅಡಿಕೆಯ ಸಿಪ್ಪೆ, ಇವಾವುವೂ ಕಸವೆಂಬ ಗಣನೆಗೆ ಬರುತ್ತಿರಲಿಲ್ಲ. ಬಚ್ಚಲಿನ ನೀರು ಹರಿದುಹೋಗುವ ದಾರಿಯಲ್ಲಿ ಬಾಳೆಯನ್ನೂ ಕೆಸುವನ್ನೂ ನೆಡುತ್ತಿದ್ದುದು ನಮ್ಮಲ್ಲಿ ಅನೇಕರು ಕಂಡುಂಡ ಸಂಗತಿ. ಇಂದು ಪಟ್ಟಣಗಳಲ್ಲಿ ಬಳಸಿದ ನೀರನ್ನು ಗಿಡಗಳಿಗೆ ತಿರುಗಿಸುವ ಏರ್ಪಾಡೆಂದು ಹಣ ಕೊಟ್ಟು ಮಾಡಿಸಿಕೊಳ್ಳುವುದು ಇದನ್ನೇ.

ಇವುಗಳ ಪೈಕಿ ಅಡಿಕೆಮರದ ಕಾಂಡವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಮುಪ್ಪಾಗಿಯೋ ಗಾಳಿಗೋ ಬಿದ್ದ ಮರವನ್ನು ಉದ್ದಕ್ಕೆ ಎರಡು ಹೋಳಾಗಿ ಸೀಳಿ, ಒಳಗಿನ ಮೆದುವಾದ ತಿರುಳನ್ನು ಕೆತ್ತಿ ತೆಗೆದರೆ ದಂಬೆ ಸಿದ್ಧವಾಗುತ್ತದೆ. ಗುಡ್ಡದ ಒರತೆಯಿಂದ ಅಂಗಳದ ತೊಟ್ಟಿಯವರೆಗೆ ಕವೆಗಳ ಮೇಲೆ ಒಂದರ ತುದಿಗೆ ಇನ್ನೊಂದನ್ನು ಕೂರಿಸಿ, ಅರ್ಧ ಮೈಲಿಯಷ್ಟು ದೂರದಿಂದಲೂ ನೀರು ತರುತ್ತಿದ್ದ ಕಾಲವೊಂದಿತ್ತು. ಅದೇ ಮರವನ್ನು ಇನ್ನೂ ಸಣ್ಣದಾಗಿ ಸೀಳಿದರೆ ಸಲಾಕೆಯಾಗಿ ಬೇಲಿಗೂ ಚಪ್ಪರಕ್ಕೂ ಒದಗುತ್ತದೆ. ಬೇಲಿಯ ನಡುವೆ, ಮನುಷ್ಯರು ದಾಟಬಹುದಾದರೂ ದನಗಳು ದಾಟಲಾಗದಂತೆ ಏರ್ಪಡಿಸುವ ತಡಮೆಗೂ ಇಂಥ ಹಳೆಯ ಮರದ ತುಂಡುಗಳೇ ಸಾಕು. ಮಣ್ಣಿಗೆ ತಾಗಿದ ಅಡಿಕೆಮರ ಬೇಗ ಕುಂಬಾಗುತ್ತದೆ. ನೆಲದಿಂದ ಮೇಲೆ ಕಲ್ಲಿನ ಮೇಲಿಟ್ಟರೆ ಹೆಚ್ಚು ಕಾಲ ಬಾಳುತ್ತದೆ. ಇದನ್ನು ಬಲ್ಲವರ ಮನೆಗಳಲ್ಲಿ ದಂಬೆಯ ಕೆಳಗೆ ಎಂದೂ ಒಂದೊಂದು ಕಲ್ಲು ಇದ್ದೇ ಇರುತ್ತಿತ್ತು. ಸಂಪಾಜೆ, ಅರಂತೋಡು, ತೊಡಿಕಾನಗಳ ಕಡೆಯಲ್ಲಿ ಹಳದಿ ಎಲೆ ರೋಗದಿಂದ ತೋಟಕ್ಕೆ ತೋಟವೇ ಬಡವಾಗಿ ಹೋದುದನ್ನು ನಾವೆಲ್ಲರೂ ನೋಡುತ್ತ ಬಂದಿದ್ದೇವೆ. ಆ ರೋಗದ ಸೂಕ್ಷ್ಮಜೀವಿ ಸತ್ತು ಒಣಗಿದ ಮರದಲ್ಲಿ ಬದುಕಿರಲಾರದು. ಆದಕಾರಣ ಕಡಿದು ಒಣಗಿಸಿದ ಮರವನ್ನು ಸಲಾಕೆಗೂ ದಂಬೆಗೂ ಬಳಸಲು ಅಂಜಬೇಕಾಗಿಲ್ಲ. ದುಡಿಮೆಯ ಫಲವನ್ನೇ ಕಳೆದುಕೊಂಡ ಕೃಷಿಕನಿಗೆ ಇದು ಸಮಾಧಾನವೆಂದು ನಾನು ಹೇಳಲಾರೆ. ಆದರೂ ಅವನು ನೆಟ್ಟು ಬೆಳೆಸಿದ ಮರ ಬರಿಯ ಸೌದೆಯಾಗಿ ಹೋಗುವುದಕ್ಕಿಂತ ಅವನ ಅಂಗಳದಲ್ಲೇ ಇನ್ನಷ್ಟು ವರ್ಷ ಕೆಲಸಕ್ಕೆ ಬರುವುದು ಉಚಿತವಲ್ಲವೇ?

ಅಡಿಕೆಹಾಳೆಯ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆಯಿದೆ. ಅದನ್ನು ಮುಂದೆ ಪ್ರಸ್ತಾಪಿಸುತ್ತೇನೆ.

ಈಗ ಎರಡನೆಯದಾದ, ಈ ಉಪನ್ಯಾಸದ ಮುಖ್ಯಭಾಗವೆನ್ನಬಹುದಾದ ವಿಷಯವನ್ನು ಎತ್ತಿಕೊಳ್ಳುತ್ತೇನೆ. ಮಂಗಳೂರು ಹಂಚಿನ ಚರಿತ್ರೆ ನಿಮಗೆ ಅಪರಿಚಿತವಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞನ ಪ್ರಯತ್ನದಿಂದ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನೇತ್ರಾವತಿ ಗುರುಪುರ ನದಿಗಳ ದಡದ ಜೇಡಿಮಣ್ಣನ್ನು ಅಚ್ಚಿನಲ್ಲೊತ್ತಿ, ಆವಿಗೆಯಲ್ಲಿ ಬೇಯಿಸಿ ತೆಗೆದ ಈ ಹಂಚು ಒಂದರ ಅಂಚಿಗೆ ಇನ್ನೊಂದು ಕಚ್ಚಿ ಕೂರುವಂತೆ ರಚಿತವಾದುದರಿಂದ, ಗಾಳಿಮಳೆಗೆ ಅಲುಗದೆ ನಿಂತು, ಮುಳಿಯ ಮಾಡನ್ನು ಕ್ರಮವಾಗಿ ಹಿಮ್ಮೆಟ್ಟಿಸಿತು. ಹಡಗು ಹತ್ತಿ ಹೊರನಾಡುಗಳಿಗೂ ಹೋಯಿತು. ನಮ್ಮ ಒಳನಾಡಿಗೆ ಬಂದು ಅದು ಎಷ್ಟು ಮನೆಗಳಿಗೆ ನೆರಳಾಯಿತೆಂಬುದನ್ನು ಲೆಕ್ಕಹಾಕಿದವರಾರು? ಈಗ ಆ ಮನೆಗಳು ಒಂದೊಂದಾಗಿ ಇಳಿಯುತ್ತಿವೆ, ತಾರಸಿಯ ಮನೆಗಳು ಏಳುತ್ತಿವೆ. ಪಕ್ಕಾಸು, ದಾರಂದ, ಮುಚ್ಚಿಗೆಯ ಹಲಗೆಗಳಿಗೆ ಕೊಳ್ಳುವವರು ಸಿಗುತ್ತಾರೆ. ಹಂಚಿನ ಗತಿ ಹಾಗಲ್ಲ. ಜೆಸಿಬಿ ಬಂದು ಅರ್ಧದಿನದಲ್ಲಿ ಮನೆಯನ್ನು ಮಗುಚಿಹಾಕಿದರೆ, ಹಂಚು, ಕಲ್ಲು, ಮಣ್ಣು, ಸಿಮೆಂಟು ಎಲ್ಲವೂ ಒಂದೇ ರಾಶಿಯಾಗಿ ತೋಡಿನ ಬದಿಗೋ ಹಳೆಯ ಗದ್ದೆಗೋ ಸುರಿಯಲ್ಪಡುತ್ತವೆ. ಕಟ್ಟಡ ಕೆಡಹುವಿಕೆಯ ತ್ಯಾಜ್ಯದ ನಿರ್ವಹಣೆಗಾಗಿ ಕೇಂದ್ರ ಸರಕಾರ 2016ರಲ್ಲಿ ನಿಯಮಗಳನ್ನು ಮಾಡಿ, ವಸ್ತುಗಳನ್ನು ಮೂಲದಲ್ಲಿಯೇ ಬೇರ್ಪಡಿಸಿ ಇಡಬೇಕೆಂದು ವಿಧಿಸಿತಾದರೂ, ಹಳ್ಳಿಯಲ್ಲಿ ಅದನ್ನು ಪಾಲಿಸುವವನು ಮನೆಯ ಯಜಮಾನನೇ ಹೊರತು ಬೇರೆ ಯಾರೂ ಅಲ್ಲ.

ಆದುದರಿಂದ ನನ್ನ ಮೊದಲ ಬಿನ್ನಹ ಇದು: ಯಂತ್ರ ಬರುವ ಮುನ್ನ ಹಂಚನ್ನು ಕೈಯಿಂದ ಇಳಿಸಿರಿ. ಎರಡು ಮೂರು ಆಳುಗಳ ಕೂಲಿ ಹೆಚ್ಚಾದೀತು. ಆದರೆ ಇಡಿಯ ಹಂಚು, ಬಿರುಕುಬಿಟ್ಟ ಹಂಚು, ಒಡೆದ ಚೂರು ಎಂದು ಮೂರು ರಾಶಿ ಮಾಡಿಟ್ಟರೆ ಮೂರಕ್ಕೂ ಅಂಗಳದಲ್ಲಿ ಕೆಲಸವಿದೆ.

ಆ ಕೆಲಸಗಳಲ್ಲಿ ಅತಿ ಮುಖ್ಯವಾದುದು ಮಾಡಿನ ನೀರು ಬೀಳುವ ಸಾಲು. ಮಳೆಗಾಲದಲ್ಲಿ ಮಾಡಿನ ಅಂಚಿನಿಂದ ಧಾರೆಗಟ್ಟಿ ಇಳಿಯುವ ನೀರು ಅಂಗಳದ ಮಣ್ಣನ್ನು ತೋಡಿ, ಕೆಸರನ್ನು ಗೋಡೆಗೆ ಸಿಡಿಸಿ, ಪಂಚಾಂಗದ, ಅಂದರೆ ಅಡಿಪಾಯದ, ಬುಡವನ್ನೇ ಸಡಿಲಿಸುವುದನ್ನು ಯಾರು ಕಂಡಿಲ್ಲ? ಆ ಸಾಲಿನುದ್ದಕ್ಕೆ ಒಂದೂವರೆ ಅಡಿ ಅಗಲ, ಮುಕ್ಕಾಲು ಅಡಿ ಆಳದ ಕಣಿಯೊಂದನ್ನು, ಮನೆಯಿಂದ ಹೊರಗಡೆಗೆ ತಳ ಇಳಿಜಾರಾಗಿರುವಂತೆ ತೋಡಬೇಕು. ಕಣಿಯ ಎರಡು ಬದಿಗಳಿಗೂ ಬಿರುಕುಬಿಟ್ಟ ಹಂಚುಗಳನ್ನು ಅಡ್ಡವಾಗಿ, ಮೂರನೆಯ ಎರಡು ಪಾಲು ನೆಲದೊಳಗೆ ಹೂತು, ಒಂದರ ಅಂಚು ಇನ್ನೊಂದರ ಹಿಂದೆ ಬರುವಂತೆ ನಿಲ್ಲಿಸುತ್ತ ಹೋಗಬೇಕು. ನಡುವಿನ ಜಾಗಕ್ಕೆ ಕೆಳಗೆ ಅಂಗೈಯಗಲದ ಚೂರುಗಳನ್ನೂ ಮೇಲೆ ನಿಂಬೆಗಾತ್ರದ ಚೂರುಗಳನ್ನೂ ತುಂಬಬೇಕು. ಧಾರೆ ಈ ಚೂರುಗಳ ಮೇಲೆ ಬಿದ್ದೊಡನೆ ಹನಿಹನಿಯಾಗಿ ಒಡೆದು ಸದ್ದಡಗಿಸಿ ಒಳಗಿಳಿಯುತ್ತದೆ, ಗೋಡೆಗೆ ಕೆಸರು ಸಿಡಿಯುವುದಿಲ್ಲ, ಕಣಿಯ ತಳದಲ್ಲಿ ತಿಳಿಯಾದ ನೀರು ನಿಧಾನವಾಗಿ ಹರಿದುಹೋಗುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆಗೆ ಮುನ್ನ, ಮೇಲಣ ಚೂರುಗಳನ್ನು ಎತ್ತಿ ತುಂಬಿದ ಮಣ್ಣನ್ನು ಕೆರೆದು ತೆಗೆದರೆ ಸಾಕು. ಸಿಮೆಂಟು ಬಳಿದ ಚರಂಡಿ ನೀರನ್ನು ಓಡಿಸುತ್ತದೆ; ಹಂಚಿನ ಕಣಿ ಅದನ್ನು ತಡೆದು ನಡೆಸುತ್ತದೆ. ಕಣಿಯ ಕೊನೆಯನ್ನು ಬಾವಿಯ ಮೇಲ್ಭಾಗದ ಇಂಗುಗುಂಡಿಗೆ ಸೇರಿಸಿದರಂತೂ ಬೇಸಗೆಯಲ್ಲಿ ಅದರ ಉಪಕಾರ ತಿಳಿಯುವುದು. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಮನೆಯ ಹಿಂದೆಯೋ ಮುಂದೆಯೋ ಕಡಿದಾದ ಬರೆಯಿದ್ದರೆ, ಅದರ ನೆತ್ತಿಯಲ್ಲಿ ಇಂಗುಗುಂಡಿ ಸರ್ವಥಾ ಕೂಡದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆಯ ಗುಡ್ಡಗಳು ಇಳಿದುಬಂದ ರೀತಿಯನ್ನು ಕಂಡವರಿಗೆ, ನೀರು ತುಂಬಿದ ಬರೆ ಏನು ಮಾಡಬಲ್ಲುದೆಂದು ವಿವರಿಸಬೇಕಾಗಿಲ್ಲ.

ಹಂಚನ್ನು ದಾರಿಗೆ ಹಾಸಬಯಸುವವರು ಅದನ್ನು ಅಂಗಾತ ಹಾಸುತ್ತಾರೆ, ಅದು ಕಾಲಿಟ್ಟೊಡನೆ ಮುರಿಯುತ್ತದೆ. ಏಕೆಂದರೆ ಅದರ ಬೆನ್ನು ಸಮತಟ್ಟಾದುದಲ್ಲ, ಏಣುಗಳ ನಡುವೆ ಪೊಳ್ಳಿದೆ. ಹೀಗಲ್ಲದೆ ಹಂಚನ್ನು ಅಂಚಿನ ಮೇಲೆ ನಿಲ್ಲಿಸಿ, ಒಂದಕ್ಕೊಂದು ಒತ್ತಾಗಿ ಜೋಡಿಸಿ, ಸಂದುಗಳಿಗೆ ಮರಳು ತುಂಬಿದರೆ ಅದು ಭಾರವನ್ನು ಹೊರುತ್ತದೆ. ಮೇಲ್ಮೈ ಒರಟಾಗಿರುವುದರಿಂದ ಆಷಾಢದ ಹಾವಸೆಯಲ್ಲಿಯೂ ಕಾಲು ಜಾರುವುದು ಕಡಿಮೆ, ನೀರು ಸಂದುಗಳಲ್ಲಿ ಇಳಿದುಹೋಗುವುದು. ಹೂವಿನ ಪಾತಿಯ ಅಂಚಿಗೂ, ಹೂಕುಂಡದ ತಳಕ್ಕೂ, ಸೀತಾಳೆದಂಡೆಯ ಬೇರಿಗೆ ಇದ್ದಲಿನೊಡನೆ ಕೊಡುವ ಆಸರೆಗೂ ಒಡೆದ ಹಂಚು ಉತ್ತಮವಾದುದೆಂದು ಹೂಬೆಳೆಯುವ ಹೆಂಗಳೆಯರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಬೆಂದ ಮಣ್ಣು ತನ್ನ ತೂಕದ ಆರನೆಯ ಒಂದು ಪಾಲಿನಷ್ಟು ನೀರನ್ನು ಹೀರಿಟ್ಟುಕೊಂಡು, ಮೆಲ್ಲನೆ ಬಿಟ್ಟುಕೊಡುವ ಗುಣವುಳ್ಳದ್ದಾಗಿದೆ. ಹಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರೂ ಮುದ್ರೆಯೂ ಇರುವುದುಂಟು. ಅಂತಹ ಇಡಿಯ ಹಂಚುಗಳನ್ನು ಚೂರುಮಾಡದೆ ಕೆಲವನ್ನಾದರೂ ಜೋಪಾನವಾಗಿ ಎತ್ತಿಡಬೇಕೆಂದು ನನ್ನ ಅಪೇಕ್ಷೆ.

ಹಂಚಿನಿಂದ ಕಲ್ಲಿಗೆ ಬರೋಣ. ಮುರಕಲ್ಲು ನಮ್ಮ ನೆಲದ ವಿಶೇಷ ದ್ರವ್ಯ. ನೆಲದೊಳಗಿರುವಾಗ ಮೆದುವಾಗಿದ್ದು, ಕಡಿದು ತೆಗೆದು ಗಾಳಿಬಿಸಿಲುಗಳಿಗೆ ಒಡ್ಡಿದಾಗ ಅದರೊಳಗಿನ ಕಬ್ಬಿಣದ ಅಂಶದಿಂದಾಗಿ ಗಟ್ಟಿಯಾಗುತ್ತ ಹೋಗುವ ಕಲ್ಲು ಅದು. ಹಳೆಯ ಮನೆಯ ಗೋಡೆಯಿಂದ ಕಳಚಿದ ಮುರಕಲ್ಲು ಕೋರೆಯಿಂದ ಆಗತಾನೆ ಬಂದುದಕ್ಕಿಂತ ಕೀಳೆಂದು ಭಾವಿಸುವುದಕ್ಕೆ ಕಾರಣವಿಲ್ಲ. ಹಲವು ಮಳೆಗಾಲಗಳ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಲ್ಲು ಅದು. ಆದರೆ ಒಂದು ಭೇದವನ್ನು ಗಮನಿಸಬೇಕು. ಮಣ್ಣಿನ ಗಾರೆಯಲ್ಲೋ ಸುಣ್ಣದ ಗಾರೆಯಲ್ಲೋ ಕಟ್ಟಿದ ಗೋಡೆ, ಹಾರೆಯ ತುದಿಯಿಂದ ಮೀಟಿದರೆ ಕಲ್ಲುಕಲ್ಲಾಗಿ ಬಿಡಿಸಿಕೊಂಡು ಬರುತ್ತದೆ. ಸಿಮೆಂಟಿನಲ್ಲಿ ಕಟ್ಟಿದುದಾದರೆ ಗಾರೆ ಕಲ್ಲಿಗಿಂತ ಗಟ್ಟಿಯಾಗಿರುವುದರಿಂದ ಕಲ್ಲೇ ಮುರಿಯುತ್ತದೆ, ಗಾರೆ ಮುರಿಯುವುದಿಲ್ಲ. ಅಜ್ಜನ ಕಾಲದ ಮನೆಯನ್ನು ಮರಳಿ ಕಟ್ಟಬಹುದು, ನಾವು ಕಟ್ಟಿದುದನ್ನು ಮರಳಿ ಕಟ್ಟಲಾಗದು ಎಂಬ ಈ ಸಂಗತಿ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಇಂದು ಕಟ್ಟುತ್ತಿರುವ ತೋಟದ ಪಾಗಾರಗಳನ್ನಾದರೂ ಸಿಮೆಂಟಿಲ್ಲದೆ ಕಟ್ಟಿದರೆ, ಮುಂದಿನವರಿಗೆ ಆ ಕಲ್ಲುಗಳು ಕಲ್ಲುಗಳಾಗಿಯೇ ದಕ್ಕುತ್ತವೆ.

ಇಂತಹ ಗಾರೆಯಿಲ್ಲದ ಪಾಗಾರದಿಂದ ಇಳಿಜಾರಿನ ಹಿತ್ತಿಲನ್ನು ಮೆಟ್ಟಿಲು ಮೆಟ್ಟಿಲಾದ ಪಾತಿಗಳನ್ನಾಗಿ ಮಾಡಬಹುದು. ಬುಡಕ್ಕೆ ಕಾಡುಕಲ್ಲಿನ ದೊಡ್ಡ ಗುಂಡುಗಳನ್ನಿಟ್ಟು, ಮೇಲೆ ಹೋದಂತೆ ಗೋಡೆ ತುಸು ಒಳಕ್ಕೆ ವಾಲುವಂತೆ ಕಟ್ಟಬೇಕು. ಒಂದು ಸಾಲಿನ ಸಂದಿಯ ಮೇಲೆ ಮೇಲಿನ ಸಾಲಿನ ಕಲ್ಲಿನ ನಡುಭಾಗ ಕೂರಬೇಕು, ಅಲ್ಲಲ್ಲಿ ಉದ್ದನೆಯ ಕಲ್ಲೊಂದನ್ನು ಹಿಂದಣ ಮಣ್ಣಿನೊಳಗೆ ಚಾಚುವಂತೆ ಕೂರಿಸಬೇಕು, ಗೋಡೆಯ ಬೆನ್ನಿಗೆ ಹಂಚಿನ ಚೂರು ಮುರಕಲ್ಲಿನ ಚೂರುಗಳನ್ನು ತುಂಬಬೇಕು. ಹೀಗೆ ಕಟ್ಟಿದ ಗೋಡೆಯ ಮೈಯೆಲ್ಲ ನೀರಿಗೆ ದಾರಿಯಾಗಿರುವುದರಿಂದ, ಹಿಂದಣ ಮಣ್ಣು ನೀರು ಕುಡಿದು ಉಬ್ಬಿದಾಗ ಅದು ತಡೆದುಕೊಳ್ಳುತ್ತದೆ. ನೀರು ಹೊರಬರಲು ತೂತುಗಳನ್ನು ಬಿಡದೆ ಕಟ್ಟಿದ ಸಿಮೆಂಟಿನ ಪಾಗಾರಗಳು ಜುಲೈ ತಿಂಗಳಲ್ಲಿ ಇಡಿಯಾಗಿ ಮಗುಚಿಕೊಳ್ಳುವುದು ಇದೇ ಕಾರಣದಿಂದ. ಸೊಂಟದೆತ್ತರದವರೆಗೆ ಮನೆಯವರೇ ಕಟ್ಟಬಹುದು, ಅದಕ್ಕೆ ಮೀರಿದರೆ ಬಲ್ಲ ಕೆಲಸಗಾರರ ಕೈಯೇ ಬೇಕು. ಸಂದುಗಳಲ್ಲಿ ತಾವಾಗಿ ಹುಟ್ಟುವ ಜರಿಗಿಡಗಳನ್ನು ಕೀಳದಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯೇ ತೋಟವಾಗುತ್ತದೆ. ಅಂಗಳದ ಅಲಂಕಾರವೆಂದು ನಾವು ಹುಡುಕಿಕೊಂಡು ಹೋಗುವುದು, ಕೆಲಸವನ್ನು ಸರಿಯಾಗಿ ಮಾಡಿದಾಗ ಹೀಗೆ ತಾನಾಗಿ ಬಂದೊದಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕಡೆಯುವ ಕಲ್ಲು, ಒರಳು, ದನಗಳಿಗೆ ಅಕ್ಕಚ್ಚು ಕೊಡುತ್ತಿದ್ದ ಮರಿಗೆ, ಬಟ್ಟೆ ಒಗೆಯುತ್ತಿದ್ದ ಹಾಸುಗಲ್ಲು ಇವುಗಳ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಹಾಸುಗಲ್ಲು ಮೆಟ್ಟಿಲಾಗಬಹುದು, ಮರಿಗೆಯನ್ನು ಹಕ್ಕಿಗಳಿಗೆ ನೀರಿಡುವ ಪಾತ್ರವಾಗಿಸಬಹುದು, ನೀರನ್ನು ಎರಡು ದಿನಕ್ಕೊಮ್ಮೆಯಾದರೂ ಚೆಲ್ಲಿ ತುಂಬುವ ನಿಯಮವಿದ್ದರೆ ಮಾತ್ರ.

ಈ ಕೊನೆಯ ಮಾತು ನಮ್ಮನ್ನು ಮೂರನೆಯ ವಿಚಾರಕ್ಕೆ, ಅರ್ಥಾತ್ ತೋಟದಲ್ಲಿ ಇಡಬಾರದ ವಸ್ತುಗಳ ವಿಚಾರಕ್ಕೆ ಕರೆದೊಯ್ಯುತ್ತದೆ. ನಮ್ಮ ಜಿಲ್ಲೆಯಲ್ಲಿ ಡೆಂಗ್ಯು ಜ್ವರ ಮಳೆಗಾಲದ ಖಾಯಂ ಅತಿಥಿಯಾಗಿದೆ. ಅದನ್ನು ಹರಡುವ ಸೊಳ್ಳೆ ಕೊಳಚೆಗುಂಡಿಯಲ್ಲಿ ಮೊಟ್ಟೆಯಿಡುವುದಿಲ್ಲ. ಶುದ್ಧವಾದ ನೀರು ಒಂದು ವಾರ ಅಲುಗದೆ ನಿಂತ ಗೆರಟೆ, ರಬ್ಬರು ಹಾಲಿನ ಬಟ್ಟಲು, ತೋಟದಲ್ಲಿ ಬಿದ್ದ ಅಡಿಕೆಹಾಳೆಗಳೇ ಅದರ ತೊಟ್ಟಿಲು. ಹಾಳೆಯ ವಿಷಯದಲ್ಲಿ ನಾನು ಹೇಳಬೇಕೆಂದಿದ್ದ ಎಚ್ಚರಿಕೆ ಇದೇ: ಅದನ್ನು ಹಟ್ಟಿಗೋ ಗೊಬ್ಬರದ ಗುಂಡಿಗೋ ಸೇರಿಸಬೇಕು, ಇಲ್ಲವಾದರೆ ಕವುಚಿ ಹಾಕಬೇಕು. ಇದೇ ಕಾರಣಕ್ಕಾಗಿ ಹಳೆಯ ಟಯರುಗಳಿಗೆ ಬಣ್ಣ ಬಳಿದು ಹಂಸ ಗಿಳಿಗಳ ಆಕಾರಕ್ಕೆ ಕತ್ತರಿಸಿ ಹೂಗಿಡ ನೆಡುವ ರೂಢಿಯನ್ನು ನಾನು ಒಪ್ಪಲಾರೆ. ಟಯರಿನ ಒಳಮಡಿಕೆಯಲ್ಲಿ ನಿಂತ ನೀರನ್ನು ಚೆಲ್ಲುವುದು ಕಷ್ಟಸಾಧ್ಯ. ಅದಲ್ಲದೆ ಸವೆಯುತ್ತ ಹೋದಂತೆ ಅದರಿಂದ ಸತುವೂ ಬೇರೆ ರಾಸಾಯನಿಕಗಳೂ ಮಣ್ಣಿಗಿಳಿಯುತ್ತವೆ. ಶಾಲೆಗಳ ಅಂಗಳದಲ್ಲಿ ಮಕ್ಕಳ ಕೈಯಿಂದಲೇ ಇದನ್ನು ಮಾಡಿಸುವುದನ್ನು ಕಂಡಾಗ ನನಗೆ ನಿಜವಾಗಿ ನೋವಾಗುತ್ತದೆ.

ಕಾಂಕ್ರೀಟಿನ ಚೂರುಗಳನ್ನು ದಾರಿಯ ತಳಕ್ಕೆ ಬಳಸಬಹುದು, ಗಿಡಗಳ ಬುಡಕ್ಕೆ ಬೇಡ. ನಮ್ಮ ಮಣ್ಣು ಸ್ವಭಾವತಃ ಹುಳಿ, ಸಿಮೆಂಟು ಕ್ಷಾರ. ಹುಳಿಮಣ್ಣನ್ನು ಮೆಚ್ಚುವ ಕೇಪುಳದ ಪಕ್ಕದಲ್ಲಿ ಕಾಂಕ್ರೀಟಿನ ರಾಶಿಯಿದ್ದರೆ, ನರಗಳು ಹಸುರಾಗಿ ಉಳಿದು ಎಲೆಯ ಮೈ ಮಾತ್ರ ಹಳದಿಗಟ್ಟುವುದನ್ನು ನೋಡಬಹುದು. ಕಬ್ಬಿಣ ನೆಲದಲ್ಲಿದ್ದರೂ ಬೇರಿಗೆ ಸಿಗದಾದುದರ ಲಕ್ಷಣ ಅದು. ಹಟ್ಟಿಗಳಿಗೂ ಕೊಟ್ಟಿಗೆಗಳಿಗೂ ಹೊದಿಸಿದ್ದ ಕಲ್ನಾರಿನ ತಗಡುಗಳನ್ನಂತೂ ಕತ್ತರಿಸುವುದಾಗಲಿ ಒಡೆದು ದಾರಿಗೆ ತುಂಬುವುದಾಗಲಿ ಸಲ್ಲದು. ಅದರ ಧೂಳಿನ ನಾರು ಶ್ವಾಸಕೋಶವನ್ನು ಸೇರಿದರೆ ದಶಕಗಳ ಬಳಿಕವೂ ಮಾರಕವಾಗಬಲ್ಲುದು. ರೈಲ್ವೆಯ ಹಳೆಯ ಮರದ ಸ್ಲೀಪರುಗಳು ನೋಡಲು ಗಟ್ಟಿಮುಟ್ಟಾಗಿದ್ದರೂ ಅವುಗಳಿಗೆ ಕುಡಿಸಿದ ಕ್ರಿಯೊಸೋಟ್ ಎಣ್ಣೆ ವಿಷಯುಕ್ತವಾದುದರಿಂದ ತರಕಾರಿಯ ಪಾತಿಗೆ ಅವನ್ನು ಕಟ್ಟೆಯಾಗಿಸಬಾರದು.

ಇನ್ನೊಂದನ್ನು ಗಡಿನಾಡಿನ ಈ ಸಭೆಯಲ್ಲಿ ಗಂಭೀರವಾಗಿಯೇ ಹೇಳಬೇಕು. ವಿಷೌಷಧಿ ಬಂದ ಡಬ್ಬಿ, ಕ್ಯಾನು, ಡ್ರಮ್ಮುಗಳು ಎಷ್ಟು ಗಟ್ಟಿಯಾಗಿದ್ದರೂ, ಎಷ್ಟು ಸಲ ತೊಳೆದಿದ್ದರೂ, ನೀರಿನ ತೊಟ್ಟಿಯಾಗಲು ಅರ್ಹವಲ್ಲ. ಕಾಸರಗೋಡಿನ ಗೇರುತೋಪಿನ ಗ್ರಾಮಗಳೂ ನಮ್ಮದೇ ಜಿಲ್ಲೆಯ ಕೊಕ್ಕಡದಂತಹ ಊರುಗಳೂ ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಅನುಭವಿಸಿದ ಸಂಕಟ, ಆ ವಿಷವನ್ನು ಸರ್ವೋಚ್ಚ ನ್ಯಾಯಾಲಯ 2011ರ ಮೇ ತಿಂಗಳಲ್ಲಿ ನಿಷೇಧಿಸಿದ ಬಳಿಕವೂ ಮುಗಿದಿಲ್ಲ. ಆ ನೋವಿನ ನೆರೆಹೊರೆಯಲ್ಲಿ ಬಾಳುತ್ತಿರುವ ನಮಗೆ ಉಳಿತಾಯದ ಹೆಸರಿನಲ್ಲಿ ಅಂತಹ ಪಾತ್ರೆಯನ್ನು ಅಂಗಳಕ್ಕೆ ತರುವ ಹಕ್ಕಿಲ್ಲ.

ವಿಷವಲ್ಲದಿದ್ದರೂ ತರಬಾರದ ಮತ್ತೊಂದು ಬಗೆಯ ವಸ್ತುಗಳಿವೆ. ಹಾಳುಬಿದ್ದ ದೇಗುಲದ ಕಂಬ, ಗದ್ದೆಯ ಬದುವಿನ ವೀರಗಲ್ಲು, ಬನದ ನಾಗಶಿಲೆ, ಅಕ್ಷರವಿರುವ ಯಾವುದೇ ಕಲ್ಲು, ಇವು ಯಾರದೋ ಉದ್ಯಾನದ ಶೋಭೆಗಾಗಿ ಇರುವಂತಹವಲ್ಲ. ನೂರು ವರ್ಷಕ್ಕೆ ಮೀರಿದ ಶಿಲ್ಪಶಾಸನಗಳನ್ನು 1972ರ ಪುರಾವಸ್ತು ಕಾಯಿದೆ ರಕ್ಷಿಸುತ್ತದೆ. ಕಾನೂನು ಇಲ್ಲದಿದ್ದರೂ, ಶಾಸನವೊಂದು ಇದ್ದ ಎಡೆಯಲ್ಲಿಯೇ ಇದ್ದರೆ ಊರಿನ ಚರಿತ್ರೆಯನ್ನು ನುಡಿಯುತ್ತದೆ, ಎತ್ತಿ ತಂದರೆ ಮೂಕವಾಗುತ್ತದೆ.

ಈಗ ಕೊನೆಯ ಭಾಗಕ್ಕೆ ಬರುತ್ತೇನೆ. ಬಿಸುಟ ವಸ್ತುಗಳಿಂದ ತೋಟವನ್ನು ನಿರ್ಮಿಸಿದವರಲ್ಲಿ ಲೋಕಪ್ರಸಿದ್ಧನಾದವನು ಚಂಡೀಗಢದ ನೇಕ್ ಚಂದ್. ದೇಶವಿಭಜನೆಯಲ್ಲಿ ಹುಟ್ಟೂರನ್ನು ಕಳೆದುಕೊಂಡು ಬಂದು, ಹೊಸ ನಗರದ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ಮೇಲ್ವಿಚಾರಕನಾಗಿದ್ದ ಆತ, ಆ ನಗರಕ್ಕಾಗಿ ಕೆಡವಲ್ಪಟ್ಟ ಹಳ್ಳಿಗಳ ಅವಶೇಷಗಳನ್ನೂ ಒಡೆದ ಬಳೆ, ಪಿಂಗಾಣಿ ಚೂರುಗಳನ್ನೂ 1957ರ ಸುಮಾರಿನಿಂದ ಕೆಲಸದ ಬಿಡುವಿನಲ್ಲಿ ಸುಖ್ನಾ ಸರೋವರದ ಸಮೀಪದ ಕಾಡಿಗೆ ಸಾಗಿಸಿ, ಯಾರಿಗೂ ತಿಳಿಯದಂತೆ ಶಿಲ್ಪಗಳ ಒಂದು ಲೋಕವನ್ನೇ ಕಟ್ಟಿದನು. ಅದು ಬೆಳಕಿಗೆ ಬಂದಾಗ ಕಾನೂನಿನ ಪ್ರಕಾರ ಕೆಡವಬೇಕಾಗಿದ್ದರೂ ಜನರ ಅಭಿಮಾನ ಅದನ್ನು ಉಳಿಸಿತು. 1976ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು, 1984ರಲ್ಲಿ ಆತನಿಗೆ ಪದ್ಮಶ್ರೀ ಸಂದಿತು. ಬೊಂಬೆಗಳ ಸಾಲುಗಳಿಗಿಂತಲೂ ನನಗೆ ಹಿರಿದಾಗಿ ತೋರುವುದು ಅಲ್ಲಿ ಹರಿಯುವ ಜಲಪಾತಗಳು, ಓಣಿಗಳು, ಅವುಗಳ ನಡುವೆ ಮನುಷ್ಯ ನಡೆಯುವ ಕ್ರಮ. ಕೆಡವಿದ ಹಳ್ಳಿಗಳು ಅಲ್ಲಿ ಇನ್ನೊಂದು ರೂಪದಲ್ಲಿ ಉಳಿದಿವೆ.

ನಮಗೆ ಇನ್ನೂ ಹತ್ತಿರದವರು ಮಣಿಪಾಲದ ವಿಜಯನಾಥ ಶೆಣೈಯವರು. ಕೆಡವಲ್ಪಡುತ್ತಿದ್ದ ಹಳೆಯ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ತಂದು ಮೊದಲು ತಮ್ಮ ವಾಸದ ಮನೆಯನ್ನೇ ಕಟ್ಟಿಕೊಂಡ ಅವರು, ತರುವಾಯ ಬಿಡಿಭಾಗಗಳ ಬಳಕೆಗಿಂತ ಇಡಿಯ ಮನೆಯ ಸಂರಕ್ಷಣೆಯೇ ಮಿಗಿಲೆಂದು ಬಗೆದು, ಮನೆಗಳನ್ನು ಬಿಚ್ಚಿ ತಂದು ಮರಳಿ ಜೋಡಿಸಿ, ಹಸ್ತಶಿಲ್ಪ ಪಾರಂಪರಿಕ ಗ್ರಾಮವನ್ನು ನಿರ್ಮಿಸಿದರು. ಹಳೆಯ ವಸ್ತುವನ್ನು ಪ್ರೀತಿಸುವವನು ಮೊದಲು ಕೇಳಬೇಕಾದ ಪ್ರಶ್ನೆಯನ್ನು ಈ ಜೀವನಕ್ರಮ ನಮಗೆ ಕಲಿಸುತ್ತದೆ: ಈ ಮನೆಯನ್ನು ಕೆಡವಲೇಬೇಕೆ? ಕೇರಳದಲ್ಲಿ ನೆಲಸಿದ ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಒಡೆದ ಹಂಚನ್ನು ತಾರಸಿಯೊಳಗೂ ಹಳೆಯ ಬಾಟಲಿಗಳನ್ನು ಬೆಳಕಿಗಾಗಿ ಗೋಡೆಯೊಳಗೂ ಸೇರಿಸಿ, ಕಡಿಮೆ ಖರ್ಚಿನಲ್ಲಿ ಕಟ್ಟಿದ ಮನೆಗಳನ್ನು ಬಲ್ಲವರು ಈ ಸಭೆಯಲ್ಲಿ ಇರಬಹುದು. ಪುತ್ತೂರಿನಿಂದ 1988ರಿಂದ ಪ್ರಕಟವಾಗುತ್ತಿರುವ ಅಡಿಕೆ ಪತ್ರಿಕೆಯೂ ಅದರ ಸಂಪಾದಕರಾದ ಶ್ರೀಪಡ್ರೆಯವರೂ ಮಳೆನೀರನ್ನು ಇಂಗಿಸುವ ವಿಷಯದಲ್ಲಿ ಕೃಷಿಕರ ಅನುಭವವನ್ನೇ ಕೃಷಿಕರಿಗೆ ತಲಪಿಸುತ್ತ ಮಾಡಿದ ಸೇವೆಯನ್ನು ಇಲ್ಲಿ ನೆನೆಯದಿದ್ದರೆ ಕರ್ತವ್ಯಲೋಪವಾದೀತು. ನೀರನ್ನು ಮುಂದಿಟ್ಟು ಅಂಗಳವನ್ನು ನೋಡುವ ದೃಷ್ಟಿ ಈ ಸೀಮೆಯಲ್ಲಿ ಹರಡಿದುದರಲ್ಲಿ ಅವರ ಪಾಲು ದೊಡ್ಡದು.

ಇನ್ನು ಶಾಲೆಗಳ ಮಾತು. ಈ ತಾಲೂಕುಗಳಲ್ಲಿ ಹಂಚಿನ ಮಾಡಿನ ಹಳೆಯ ಶಾಲಾಕೋಣೆಗಳು ಬಳಕೆಗೆ ಯೋಗ್ಯವಲ್ಲವೆಂದು ತೀರ್ಮಾನಗೊಂಡಾಗ, ಅವುಗಳ ಸಾಮಗ್ರಿಯನ್ನು ಏಲಂ ಮಾಡುವುದು ವಾಡಿಕೆ. ಮರಮಟ್ಟು ಏಲಮಿನಲ್ಲಿ ಹೋಗಲಿ. ಹಂಚು ಮತ್ತು ಮುರಕಲ್ಲುಗಳಿಂದ ಬರುವ ಹಣ ಅತ್ಯಲ್ಪ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಾಗಿರುವ ಅನೇಕರು ಇಲ್ಲಿದ್ದೀರಿ. ಏಲಮಿನ ಪಟ್ಟಿಯನ್ನು ತಯಾರಿಸುವ ಮುನ್ನ, ಶಾಲೆಯ ಕೈತೋಟಕ್ಕೆಂದು ಇಂತಿಷ್ಟು ಹಂಚು, ಇಂತಿಷ್ಟು ಕಲ್ಲು ಎಂದು ಪ್ರತ್ಯೇಕವಾಗಿ ತೆಗೆದಿಡಲು ಸಂಬಂಧಪಟ್ಟ ಅಧಿಕಾರಿಗಳ ಅನುಮತಿಯನ್ನು ಬರೆಹದ ಮೂಲಕ ಕೇಳಿರಿ. ಕೆಲಸವನ್ನು ಮೇ ತಿಂಗಳ ರಜೆಯಲ್ಲಿ ಮುಗಿಸಬೇಕು. ಮಾಡಿನ ನೀರು ಬೀಳುವ ಸಾಲಿಗೆ ನಾನು ವಿವರಿಸಿದ ಹಂಚಿನ ಕಣಿ, ಆಟದ ಬಯಲಿನ ಇಳಿಜಾರಿಗೆ ಮೊಣಕಾಲೆತ್ತರದ ಗಾರೆಯಿಲ್ಲದ ಪಾಗಾರ, ಅದರ ಮೇಲಣ ಪಾತಿಗಳಲ್ಲಿ ಬಿಸಿಯೂಟದ ಅಡುಗೆಗೆ ಬೇಕಾದ ಬಸಳೆ, ಹರಿವೆ, ಕರಿಬೇವು, ಇಷ್ಟಾದರೆ ಮೊದಲ ವರ್ಷಕ್ಕೆ ಸಾಕು. ಕಲ್ಲು ಹೊರುವ ಕೆಲಸ ದೊಡ್ಡವರ ಶ್ರಮದಾನಕ್ಕಿರಲಿ, ಹಂಚಿನ ಚೂರುಗಳನ್ನು ಗಾತ್ರಕ್ಕೆ ತಕ್ಕಂತೆ ಆರಿಸುವುದನ್ನೂ, ಮಳೆ ಬಂದ ಮೇಲೆ ನೀರು ಎಲ್ಲಿ ನಿಲ್ಲುತ್ತದೆ ಎಲ್ಲಿ ಹರಿಯುತ್ತದೆಂದು ನೋಡಿ ಬರೆದಿಡುವುದನ್ನೂ ಮಕ್ಕಳಿಗೆ ವಹಿಸಬಹುದು. ಕೈಗೆ ಗಾಯವಾಗದಂತೆ ಕೈಗವಸುಗಳನ್ನು ಕೊಡಿಸಿ, ಅಧ್ಯಾಪಕರೊಬ್ಬರು ಜತೆಗಿರುವುದು ಅವಶ್ಯ.

ಈ ಕೆಲಸವನ್ನು ಕೈಗೊಳ್ಳುವ ಶಾಲೆಯವರು ಕರೆದರೆ, ಕಣಿ ತೋಡುವ ದಿನ ನಾನೂ ಬಂದು ನಿಲ್ಲುತ್ತೇನೆ.